ಸೀತಾನದಿಯ ದಡದಿಂದ ಕೇಳಬೇಕಾದ ಲೆಕ್ಕ

ಕೊಕ್ಕರ್ಣೆಯ ಬಳಿ ಸೀತಾನದಿಯ ದಡದಲ್ಲಿ ನಿಂತು ಜಗತ್ತಿನ ರಾಷ್ಟ್ರಗಳ ಒಪ್ಪಂದಗಳ ಬಗೆಗೆ ಮಾತನಾಡುವುದು ಕೆಲವರಿಗೆ ನಗೆಪಾಟಲಾಗಿ ತೋರೀತು. ‘ಎಲ್ಲಿಯೋ ಸಭೆ ಸೇರುವವರಿಗೂ ನಮ್ಮ ಅಡಕೆ ತೋಟಕ್ಕೂ ಏನು ಸಂಬಂಧ?’ ಎಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಆ ಸಂಬಂಧವನ್ನು ಗೊಬ್ಬರದ ಅಂಗಡಿಯೇ ತೋರಿಸಿಕೊಟ್ಟಿದೆ. ಮಹಾಮಾರಿಯ ಪೆಟ್ಟು ಮಾಯುವ ಮೊದಲೇ 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಹೊತ್ತಿತು. ಪೊಟ್ಯಾಷಿನ 50 ಕಿಲೋ ಚೀಲ ನಮ್ಮಲ್ಲಿ 1,700 ರೂಪಾಯಿಗೆ ಏರಿತು. ದೂರದ ಬೆಂಕಿಯ ಕಾವು ತೋಟದ ಬೇಲಿಯನ್ನು ಕೇಳಿ ಒಳಬರುವುದಿಲ್ಲ.

ಈ ನದಿ ಇಳಿದುಬರುವ ಘಟ್ಟದ ನೆತ್ತಿಯ ಒಂದು ಹಳೆಯ ಕಥೆಯನ್ನು ನೆನೆಯೋಣ. 1973ರಲ್ಲಿ ತೈಲದ ಬೆಲೆ ಉರಿದಾಗ ಇರಾನಿಗೆ ಹಣ ಹರಿದುಬಂತು. ಅಲ್ಲಿಯ ಷಹಾ ಉಕ್ಕಿನ ಕನಸು ಕಂಡರು. ಆ ಕನಸಿಗೆ ಅದಿರು ಒದಗಿಸುವುದಕ್ಕೆಂದೇ 1976ರಲ್ಲಿ ಕುದುರೆಮುಖದ ಸರ್ಕಾರಿ ಕಂಪನಿ ಹುಟ್ಟಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಅದನ್ನೂ ‘ಅಂತಾರಾಷ್ಟ್ರೀಯ ಸಹಕಾರ’ವೆಂದೇ ಕರೆದರು. 1979ರಲ್ಲಿ ಷಹಾ ಪದಚ್ಯುತರಾದರು, ಸಾಲದ ಕಂತುಗಳು ನಡುದಾರಿಯಲ್ಲೇ ನಿಂತವು, ಅದಿರನ್ನು ಕೊಳ್ಳುವವರು ಕಾಣೆಯಾದರು. ಆದರೆ ಬೆಟ್ಟವನ್ನು ಅಗೆಯುವುದು ಮಾತ್ರ ನಿಲ್ಲಲಿಲ್ಲ! ಬೇರೆ ಗಿರಾಕಿಗಳು ದೊರೆತರು. ಕಡೆಗೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಿಂದಾಗಿ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿತು. ಒಪ್ಪಂದಕ್ಕೆ ಸಹಿ ಹಾಕಿದವರು ಹೋದರು. ಅದಿರು ತೆಗೆದು ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಕುಳಿತಿದೆ.

ಇನ್ನು 2012ಕ್ಕೆ ಬನ್ನಿ. ಆ ವರ್ಷ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೀತಾನದಿ ಹಾದುಬರುವ ಸೋಮೇಶ್ವರ ಅಭಯಾರಣ್ಯವೂ ಅವುಗಳಲ್ಲೊಂದು. ಆಗ ಎದ್ದ ಕೂಗೇನು? ‘ಪರದೇಶದವರು ನಮ್ಮ ಕಾಡಿಗೆ ಕೈಯಿಕ್ಕುತ್ತಿದ್ದಾರೆ’ ಎಂದು. ಅಂದಿನ ರಾಜ್ಯ ಸರ್ಕಾರವೇ ಆಕ್ಷೇಪವೆತ್ತಿತ್ತು. ಕಾಡಂಚಿನ ಬಡ ಕೃಷಿಕನ ಒಕ್ಕಲೆಬ್ಬಿಸುವ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಅವನಿಗೆ ಯಾರೂ ಸರಿಯಾಗಿ ವಿವರಿಸಲೇ ಇಲ್ಲ. ಆದರೆ ವೇದಿಕೆಯ ಮೇಲೆ ಗುಡುಗಿದ ಮುಖಂಡರನ್ನು ಕೇಳುತ್ತೇನೆ: ಬೆಟ್ಟವನ್ನು ಅಗೆಯಲು ಬಂದ ಪರದೇಶದ ಹಣ ಮಡಿಯಾಯಿತು, ಬೆಟ್ಟವನ್ನು ಉಳಿಸಲು ಬಂದ ಪರದೇಶದ ಮಾತು ಮೈಲಿಗೆಯಾಯಿತು, ಇದು ಯಾವ ನ್ಯಾಯ?

ಹಾಗೆಂದು ಸಿರಿವಂತ ರಾಷ್ಟ್ರಗಳಿಗೆ ಜಯಕಾರ ಹಾಕುವವನೂ ನಾನಲ್ಲ. ಹವಾಮಾನದ ಕೇಡನ್ನು ಎದುರಿಸಲು ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಅವರು 2009ರಲ್ಲಿ ಕೊಟ್ಟ ಮಾತಿನ ಗಡುವು 2020. ಮಾತು ನಡೆದದ್ದು 2022ರಲ್ಲಿ. ಅದರಲ್ಲಿಯೂ ಹೆಚ್ಚಿನ ಪಾಲು ಸಾಲ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಂಕ್ತಿಯಿಂದ ಏಳುವಾಗ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ದಾಸೋಹವೆನ್ನುವವರು ಯಾರು? ಅಮೆರಿಕವಂತೂ 2015ರ ಪ್ಯಾರಿಸ್ ಒಪ್ಪಂದದಿಂದ 2025ರ ಜನವರಿಯಲ್ಲಿ ಎರಡನೆಯ ಸಲ ಹೊರನಡೆಯುವ ಆಜ್ಞೆ ಹೊರಡಿಸಿತು.

‘ಮೊದಲು ಯುದ್ಧ, ಸಾಲ, ರೋಗಗಳು ತೀರಲಿ, ಪರಿಸರದ ಮಾತು ಆಮೇಲೆ’ ಎಂಬ ವಾದವೊಂದಿದೆ. ಈ ವಾದ ಪೊಳ್ಳು. 1987ರ ಮಾಂಟ್ರಿಯಲ್ ಒಪ್ಪಂದವನ್ನು ನೋಡಿ. ಶೀತಲ ಸಮರ ಇನ್ನೂ ಮುಗಿದಿರಲಿಲ್ಲ. ಬಡ ರಾಷ್ಟ್ರಗಳ ಕೊರಳಿಗೆ ಸಾಲದ ಉರುಳು ಬಿಗಿದಿತ್ತು. ಆದರೂ ಓಝೋನ್ ಪದರವನ್ನು ಹರಿಯುವ ರಾಸಾಯನಿಕಗಳನ್ನು ಬಿಡಲು ರಾಷ್ಟ್ರಗಳು ಒಪ್ಪಿದವು. ಸಿರಿವಂತರು ಮೊದಲು ಬಿಡಬೇಕು, ಬಡವರಿಗೆ ಹೆಚ್ಚಿನ ಕಾಲಾವಕಾಶ, ಅವರ ಖರ್ಚಿಗೆ ಪ್ರತ್ಯೇಕ ನಿಧಿ: ಹೀಗೆ ಏರ್ಪಾಡಾಯಿತು. ಭಾರತ ಸೇರಿದ್ದು 1992ರಲ್ಲಿ, ಆ ನಿಧಿ ಏರ್ಪಟ್ಟ ಮೇಲೆ. ಓಝೋನ್ ಪದರ ಈಗ ಮೆಲ್ಲಮೆಲ್ಲನೆ ಮಾಯುತ್ತಿದೆ.

ಆದುದರಿಂದ ಮುಂದಿನ ಸಲ ಯಾವ ಮುಖಂಡರಾದರೂ ಕೊಕ್ಕರ್ಣೆಗೆ ಬಂದು ಪರದೇಶದ ಬಂಡವಾಳವನ್ನೋ ಪರದೇಶದ ಪಿತೂರಿಯನ್ನೋ ಕುರಿತು ಭಾಷಣ ಬಿಗಿದರೆ, ತಾವು ಎದ್ದು ನಿಂತು ಮೂರು ಮಾತು ಕೇಳಿರಿ: ಹಣ ಸಾಲವೋ ನೆರವೋ? ಕೊಟ್ಟವರು ನಡುವೆ ಕೈಬಿಟ್ಟರೆ ಹೊಣೆ ಯಾರದು? ಉಳಿದ ಹೂಳನ್ನು ಎಷ್ಟು ವರ್ಷ ಯಾರು ಕಾಯುತ್ತಾರೆ? ಕುದುರೆಮುಖದ ಒಪ್ಪಂದಕ್ಕೆ ಸಹಿ ಬಿದ್ದಾಗ ಘಟ್ಟದ ಕೆಳಗಿನ ಯಾವ ಊರನ್ನೂ ಕರೆದು ಈ ಮಾತು ಕೇಳಿರಲಿಲ್ಲ.