ಹಸಿರು ಶಾಯಿ ಹೋಯಿತು, ಚೌಕುಳಿ ಬಂತು

ವಿಲ್ಸನ್ ಗಾರ್ಡನ್‌ನ ಹಿರಿಯರಿಗೆ ಇನ್ನೂ ನೆನಪಿರಬಹುದು. ಮಗನ ಅಂಕಪಟ್ಟಿಯ ಝೆರಾಕ್ಸ್ ಹಿಡಿದು ಪರಿಚಯದ ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲಲ್ಲಿ ಬೆಳಗ್ಗೆ ಏಳಕ್ಕೇ ನಿಲ್ಲಬೇಕಿತ್ತು. ಹಸಿರು ಶಾಯಿಯ ಸಹಿ, ಮೇಲೊಂದು ರಬ್ಬರ್ ಸೀಲು ಬಿದ್ದರೆ ನಕಲಿಗೆ ಜೀವ ಬಂದಂತೆ. ಅವರು ಮೂಲ ಪ್ರತಿ ನೋಡಿಯೇ ಸಹಿ ಮಾಡಿದರೇ ಎಂದು ಯಾರೂ ಕೇಳುತ್ತಿರಲಿಲ್ಲ! 2014ರ ಸುಮಾರಿಗೆ ಸ್ವಯಂ ದೃಢೀಕರಣ ಬಂದು ಆ ಅಲೆದಾಟ ತಗ್ಗಿತು.

ಈಗ ಆ ಜಾಗಕ್ಕೆ ಕಪ್ಪು-ಬಿಳಿ ಚೌಕುಳಿಯ ಕ್ಯೂಆರ್ ಕೋಡ್ ಬಂದಿದೆ. ಚೌಕುಳಿ ಇದ್ದರೆ ಅಸಲಿ ಎಂಬ ನಂಬಿಕೆಯೂ ಜೊತೆಗೇ ಬಂದಿದೆ. ಚೌಕುಳಿಯನ್ನು ಯಾರು ಬೇಕಾದರೂ ಮುದ್ರಿಸಬಹುದು. ಅದು ಕರೆದೊಯ್ಯುವ ಜಾಲತಾಣವನ್ನೂ ಯಾರು ಬೇಕಾದರೂ ಕಟ್ಟಬಹುದು.

ನಿಜವಾದ ಕಾವಲು ಇರುವುದು ಡಿಜಿಟಲ್ ಸಹಿಯಲ್ಲಿ. ಪತ್ರ ಕೊಡುವ ಸಂಸ್ಥೆ ತನ್ನ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುತ್ತದೆ. ಎಲ್ಲರಿಗೂ ಸಿಗುವ ಜೋಡಿ ಕೀಲಿಯಿಂದ ಅದನ್ನು ಒರೆಗೆ ಹಚ್ಚಬಹುದು. 58 ಅಂಕವನ್ನು 85 ಎಂದು ತಿದ್ದಿದರೆ ಮುದ್ರೆ ತಾಳೆಯಾಗುವುದಿಲ್ಲ. 2021ರ ಕೋವಿಡ್ ಲಸಿಕೆ ಪ್ರಮಾಣಪತ್ರದ ಕೋಡಿನೊಳಗೆ ಇದ್ದದ್ದೂ ಇಂಥದೇ ಸಹಿ.

ಬಹಳ ಮಂದಿ ಎಡವುವುದು 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ. ಅಲ್ಲಿ ಮಂಡಳಿಯೋ ವಿಶ್ವವಿದ್ಯಾಲಯವೋ ನೇರವಾಗಿ ನೀಡಿದ ದಾಖಲೆಗಳಿರುತ್ತವೆ. ಹುಡುಗ ತಾನೇ ಸ್ಕ್ಯಾನ್ ಮಾಡಿ ಏರಿಸಿದವೂ ಇರುತ್ತವೆ. 2017ರ ಫೆಬ್ರವರಿಯ ನಿಯಮ ತಿದ್ದುಪಡಿ ಮೂಲ ಪ್ರತಿಗೆ ಸಮ ಎಂದದ್ದು ಸಂಸ್ಥೆಯೇ ನೀಡಿದ್ದನ್ನು. ಹುಡುಗ ಏರಿಸಿದ್ದಕ್ಕೆ ಝೆರಾಕ್ಸಿಗಿಂತ ಹೆಚ್ಚಿನ ಬೆಲೆಯಿಲ್ಲ.

ಇಷ್ಟಾದರೂ ಮುದ್ರೆ ಹೇಳುವುದು ಪತ್ರ ಕೊಟ್ಟವರು ಯಾರೆಂದು ಮಾತ್ರ. ಅವರು ಯೋಗ್ಯರೇ, ಪರೀಕ್ಷೆ ಸರಿಯಾಗಿ ನಡೆಸಿದರೇ? ಕೌಶಲ ತರಬೇತಿಗೆ ಶುಲ್ಕ ಕಟ್ಟುವ ಮುನ್ನ, ಪ್ರಮಾಣಪತ್ರ ಕೊಡುವ ಸಂಸ್ಥೆಗೆ ಎನ್‌ಸಿವಿಇಟಿ ಮಾನ್ಯತೆ ಇದೆಯೇ ಎಂದು ಪಾಲಕರು ನೋಡಬೇಕು. ಡೈರಿ ವೃತ್ತದ ಬಳಿಯ ಕೌಶಲ್ಯ ಭವನದಲ್ಲೂ ವಿಚಾರಿಸಬಹುದು. ವಿಲ್ಸನ್ ಗಾರ್ಡನ್‌ನವರಿಗೆ ಅದೇನೂ ದೂರವಲ್ಲ.

ಸೋದರಮಾವನ ಜೊತೆ ಓಡಾಡಿ ವೈರಿಂಗ್ ಕಲಿತ ಹುಡುಗನ ಬಳಿ ಕಾಗದವೇ ಇರುವುದಿಲ್ಲ. ಅಂಥವರಿಗಾಗಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಯನ್ನು ಗುರುತಿಸುವ ಏರ್ಪಾಡು ಇದೆ. ಅವನನ್ನು ಸ್ವಿಚ್ ಬೋರ್ಡಿನ ಮುಂದೆ ನಿಲ್ಲಿಸಿ, ಕೈಗೆ ಟೆಸ್ಟರ್ ಕೊಟ್ಟು, ಕೆಲಸ ನೋಡುವ ಪರೀಕ್ಷಕ ಬೇಕು. ಆ ಪರೀಕ್ಷಕ ಒಂದು ಗುಂಪಿನ ಫೋಟೊ ತೆಗೆದುಕೊಂಡು ಹೊರಟುಬಿಟ್ಟರೂ, ಚೌಕುಳಿ ಮಾತ್ರ ಪತ್ರ ಅಸಲಿ ಎಂದೇ ತೋರಿಸುತ್ತದೆ.