ಪ್ರಾಚೀನರ ಕಾಡು ಮತ್ತು ಸಿನಿಮಾದ ಕ್ರೌರ್ಯ

2025ರ ಜನವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಹೇರೂರು, ಗವಿಗುಡ್ಡದ ಆಸುಪಾಸಿನಲ್ಲಿ 'ಕಾಂತಾರ: ಚಾಪ್ಟರ್ 1' ಚಿತ್ರದ ಚಿತ್ರೀಕರಣ ನಡೆದಾಗ, ಕಾಡಿನಲ್ಲಿ ಸ್ಫೋಟಕಗಳನ್ನು ಬಳಸಲಾಗುತ್ತಿದೆಯೆಂದು ಸ್ಥಳೀಯರು ದೂರಿದರು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಪರಿಶೀಲನೆಗೆ ಸೂಚಿಸಿದರು. ಚಿತ್ರ ಅದೇ ವರ್ಷದ ಅಕ್ಟೋಬರ್ 2ರಂದು ತೆರೆಕಂಡಿತು, ಜನ ಮೆಚ್ಚಿದರು. ಆದರೆ ದೂರಿನ ಹಿಂದಿನ ಪ್ರಶ್ನೆ ಹಾಗೆಯೇ ಉಳಿದಿದೆ. ಪ್ರಾಚೀನ ಅರಣ್ಯವಾಸಿಗಳ ಬದುಕನ್ನು ಬೆಂಕಿ, ಆಯುಧ, ರಕ್ತಗಳಿಲ್ಲದೆ ಹೇಳಲು ಸಿನಿಮಾಕ್ಕೆ ಏಕೆ ಸಾಧ್ಯವಾಗುವುದಿಲ್ಲ?

ಇದು ಕನ್ನಡ ಚಿತ್ರರಂಗವೊಂದರ ಪ್ರಶ್ನೆಯಲ್ಲ. 2006ರಲ್ಲಿ ಮೆಲ್ ಗಿಬ್ಸನ್ ನಿರ್ದೇಶಿಸಿದ 'ಅಪೊಕ್ಯಾಲಿಪ್ಟೊ' ಮಧ್ಯ ಅಮೆರಿಕದ ಮಾಯಾ ಜನರ ಕಥೆ. ಪಾತ್ರಗಳು ಯುಕಟೆಕ್ ಮಾಯಾ ಭಾಷೆಯನ್ನೇ ಆಡುತ್ತವೆ. ಆ ಮಟ್ಟಿಗೆ ಶ್ರದ್ಧೆಯಿದೆ. ಆದರೆ ಪರದೆಯನ್ನು ತುಂಬುವುದು ಊರು ಸುಡುವ ಬೇಟೆಗಾರರು, ಸೆರೆಯಾಳುಗಳು, ನರಬಲಿ. ಮಾಯಾ ಜನರಲ್ಲಿ ನರಬಲಿ ಇತ್ತೆಂಬುದಕ್ಕೆ ಅವರ ಶಿಲ್ಪಗಳೇ ಸಾಕ್ಷಿ. ಅದನ್ನು ತೋರಿಸಿದ್ದು ತಪ್ಪಲ್ಲ. ಅದನ್ನು ಬಿಟ್ಟರೆ ಹೆಚ್ಚೇನನ್ನೂ ತೋರಿಸದಿರುವುದು ತಪ್ಪು. ಚಿತ್ರದಲ್ಲಿ ಮೆಕ್ಕೆಜೋಳದ ಹೊಲ ಬರುತ್ತದೆ, ಓಡುವ ಸೆರೆಯಾಳುಗಳನ್ನು ಬೇಟೆಯಾಡುವ ಬಯಲಾಗಿ.

ಆ ಹೊಲದ ನಿಜವಾದ ಹೆಸರು 'ಮಿಲ್ಪಾ'. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತದೆ. ಅದರ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೂಡಿಸುತ್ತವೆ. ಕುಂಬಳದ ಎಲೆಗಳು ನೆಲ ಮುಚ್ಚಿ ತೇವವನ್ನೂ ಮಣ್ಣನ್ನೂ ಕಾಯುತ್ತವೆ. ಕೆಲವು ವರ್ಷಗಳ ನಂತರ ಹೊಲವನ್ನು ಮರಳಿ ಕಾಡಿಗೆ ಬಿಡುತ್ತಾರೆ. ಟಿಕಾಲ್ ನಗರದವರು ಮಳೆನೀರನ್ನು ಕಟ್ಟೆಗಳಲ್ಲಿ ಹಿಡಿದು ಬೇಸಿಗೆ ಕಳೆದರು. ಮಲೆನಾಡಿನ ಅಡುಗೆಮನೆಯ ಸೂಜಿಮೆಣಸು ಕೂಡ ಅಮೆರಿಕ ಖಂಡದ ಮೂಲನಿವಾಸಿ ರೈತರು ಪಳಗಿಸಿದ ಬೆಳೆ.

ಮಾಯಾ ನಾಡಿನ ದಕ್ಷಿಣದ ಮಹಾನಗರಗಳು ಬರಿದಾದದ್ದು ಬಹುಪಾಲು 9ನೆಯ ಶತಮಾನದಲ್ಲಿ. ಸ್ಪೇನಿನ ಹಡಗುಗಳು ಬಂದದ್ದು 16ನೆಯ ಶತಮಾನದಲ್ಲಿ. ಚಿತ್ರ ಇವೆರಡನ್ನೂ ಒಂದೇ ಕಾಲಕ್ಕೆ ಬೆಸೆದು, ಅವರು ತಮ್ಮನ್ನು ತಾವೇ ನಾಶಮಾಡಿಕೊಂಡರೆಂಬ ಭಾವನೆ ಉಳಿಸುತ್ತದೆ. ಮಾಯಾ ಜನ ನಾಶವಾಗಿಲ್ಲ. ಲಕ್ಷಾಂತರ ಮಂದಿ ಇಂದಿಗೂ ಆ ನೆಲವನ್ನು ಉಳುತ್ತಿದ್ದಾರೆ. ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ, 1980ರ ದಶಕದ ಆರಂಭದಲ್ಲಿ, ಸೈನ್ಯವು ಅವರ ಊರುಗಳನ್ನೂ ಬೆಳೆಗಳನ್ನೂ ಸುಟ್ಟಿತು. ಗುರುತಿಸಲಾದ ಬಲಿಪಶುಗಳಲ್ಲಿ ಶೇಕಡ 83ರಷ್ಟು ಮಂದಿ ಮಾಯಾ ಜನರೆಂದು ಸತ್ಯಶೋಧನಾ ಆಯೋಗವು 1999ರಲ್ಲಿ ವರದಿ ಮಾಡಿತು. ಕಾಡಿನ ಜನರನ್ನು ಕ್ರೂರಿಗಳೆಂದು ನಂಬಿದ ಜಗತ್ತಿಗೆ ಅವರ ಮೇಲಿನ ಕ್ರೌರ್ಯ ಕಾಣಿಸುವುದು ತಡವಾಗಿ.

ಪಶ್ಚಿಮಘಟ್ಟದ ಕಥೆಯೂ ಇದರಿಂದ ದೂರವಿಲ್ಲ. ಕಾಳುಮೆಣಸು, ಏಲಕ್ಕಿ ಈ ಕಾಡಿನಲ್ಲೇ ಹುಟ್ಟಿದವು. ಅವನ್ನು ಗುರುತಿಸಿ, ಆಯ್ದು, ನೆರಳು ಹದಮಾಡಿ ಬೆಳೆಸಿದವರು ಇಲ್ಲಿನ ಜನ. ಕದಂಬರ ಕಾಲದ 'ಕಾಂತಾರ'ದ ಕಥೆಯಲ್ಲಿಯೂ ಸಾಂಬಾರ ಪದಾರ್ಥಗಳ ವ್ಯಾಪಾರ ಬರುತ್ತದೆ. ಆದರೂ ಪ್ರೇಕ್ಷಕರ ಮನಸ್ಸಿನಲ್ಲಿ ನಿಲ್ಲುವುದು ಯುದ್ಧವೇ.

ಸಕಲೇಶಪುರ, ಆಲೂರು ಭಾಗದಲ್ಲಿ ಇದು ಕೇವಲ ಅಭಿರುಚಿಯ ವಿಷಯವಲ್ಲ. ಸದ್ದಿಗೆ ಬೆದರಿದ ಆನೆ ಕಾಫಿ ತೋಟಕ್ಕೆ ನುಗ್ಗುತ್ತದೆ. ಬೆಳಗಿನ ಮಂಜಿನಲ್ಲಿ ಅದಕ್ಕೆ ಎದುರಾಗುವವರು ಚಿತ್ರತಂಡದವರಲ್ಲ, ಕೆಲಸಕ್ಕೆ ಹೊರಟ ಕೂಲಿಯವರು. ಆದ್ದರಿಂದ ಕಾಡಂಚಿನಲ್ಲಿ ಚಿತ್ರೀಕರಣಕ್ಕೆ ಅನುಮತಿ ನೀಡುವ ಮುನ್ನ ಗ್ರಾಮಸಭೆಯ ಅಭಿಪ್ರಾಯ ಕೇಳಬೇಕು; ಸ್ಫೋಟಕ, ಬೆಂಕಿಗಳಿಗೆ ಅವಕಾಶವೇ ಇರಬಾರದು.

ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ನೋಡಬಾರದೆಂದಲ್ಲ. ನೋಡುವಾಗ ಎರಡು ಪ್ರಶ್ನೆಗಳಿರಲಿ: ಈ ಜನ ಏನನ್ನು ಬೆಳೆದು ಉಂಡರು? ಬೇಸಿಗೆಯಲ್ಲಿ ನೀರು ಎಲ್ಲಿಂದ ತಂದರು? ಉತ್ತರ ಪರದೆಯ ಮೇಲೆ ಸಿಗದಿದ್ದರೆ, ಊರಿನ ಹಿರಿಯರನ್ನು ಕೇಳಲಿ. ಅವರಲ್ಲಿ ಬಹುಪಾಲು ಉತ್ತರ ಇನ್ನೂ ಉಳಿದಿದೆ.