ಬಿಡದ ಕೈಕಾಲು ನೋವು ಮತ್ತು ನಮ್ಮ ಸಂಘ

ಧಾರಣೆ, ಕೊಳೆರೋಗ, ಬೋರ್ಡೋ ದ್ರಾವಣ ಇವುಗಳಿಗೆ ಈ ಪುಟಗಳಲ್ಲಿ ಯಾವಾಗಲೂ ಜಾಗವಿದೆ. ಈ ಸಲ ಕೊನೆ ಕೊಯ್ಯುವ, ಅಡಿಕೆ ಸುಲಿಯುವ ಕೈಗಳ ಕುರಿತು ಸದಸ್ಯ ಬಾಂಧವರಲ್ಲಿ ಎರಡು ಮಾತು ಬಿನ್ನವಿಸಿಕೊಳ್ಳುತ್ತೇವೆ.

ಕಲಘಟಗಿ ಕಡೆಯ ತೋಟಿಗರಿಗೆ ಇದು ಹೊಸತಲ್ಲ. ಕೊನೆಗಾರ ಮರದಿಂದ ಜಾರಿ ಮುಂಗೈ ಮುರಿದುಕೊಳ್ಳುತ್ತಾನೆ. ಪಟ್ಟಿ ಬಿಚ್ಚುವ ಹೊತ್ತಿಗೆ ಎಲುಬು ಕೂಡಿರುತ್ತದೆ; ನೋವು ಮಾತ್ರ ಹೋಗಿರುವುದಿಲ್ಲ. ಕೆಲವರಿಗೆ ಕೈ ಊದಿ, ಬಣ್ಣ ಬದಲಾಗಿ, ಅಂಗಿಯ ತೋಳು ತಾಗಿದರೂ ಉರಿಯುತ್ತದೆ. "ಎಲುಬು ಕೂಡೇತಲ್ಲ, ಮತ್ತೇನ ನೋವು?" ಎನ್ನುತ್ತಾನೆ ಮಾಲಕ. "ಕೈ ಹಂದಾಡಸಬ್ಯಾಡ" ಎನ್ನುತ್ತಾರೆ ಮನೆಯವರು. ನಮ್ಮ ಮಟ್ಟಿಗೆ ಎರಡೂ ತಪ್ಪು. ಮೂರು ತಿಂಗಳು ಮೀರಿದ ನೋವು ತಾನೇ ಒಂದು ರೋಗವಾಗಬಲ್ಲದು. ಗಾಯ ಮಾಗಿದ ಮೇಲೂ ನರ ಮತ್ತು ಮಿದುಳು ಅಪಾಯದ ಗಂಟೆ ಬಾರಿಸುತ್ತಲೇ ಇರುತ್ತವೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ.

2006ರ ಚಿಕುನ್‌ಗುನ್ಯಾವನ್ನು ನೆನೆದರೆ ಸಾಕು. ಆ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿಯಿತು, ಕೀಲುನೋವು ಅನೇಕರಿಗೆ ತಿಂಗಳುಗಟ್ಟಲೆ ಉಳಿಯಿತು. ನೋವು ಕಣ್ಣಿಗೆ ಕಾಣುವುದಿಲ್ಲವೆಂದು ಅವರನ್ನು ಮೈಗಳ್ಳರೆನ್ನಲಾದೀತೇ?

ಇದಕ್ಕೆ ಗುಳಿಗೆಯೊಂದೇ ಸಾಲದು, ಕ್ರಮವಾದ ಚಲನೆ ಬೇಕು. ಹತ್ತು ನಿಮಿಷ ಸುಲಿದರೆ ಮೆಟ್ಟುಗತ್ತಿಯ ಮುಂದೆ ಕೂತವಳ ಮಣಿಕಟ್ಟು ನೋಯುವುದಾದರೆ, ಐದು ನಿಮಿಷಕ್ಕೆ ನಿಲ್ಲಿಸಿ, ಬಿಡುವು ಕೊಟ್ಟು, ದಿನದಿನಕ್ಕೆ ಚೂರುಚೂರು ಏರಿಸಬೇಕು. ನೋವು ಕಡಿಮೆಯಾದ ದಿನ ಎರಡು ದಿನದ ಕೆಲಸ ಎಳೆದು, ಮರುದಿನ ಹಾಸಿಗೆ ಹಿಡಿಯುವುದು ನಮ್ಮ ಜನರ ಸ್ವಭಾವ. ಫಿಜಿಯೋಥೆರಪಿಯವರು ಮೊದಲು ಬಿಡಿಸುವುದೇ ಇದನ್ನು. ಸ್ಪರ್ಶ ತಾಳದ ಕೈಗೆ ಮೊದಲು ಮೆತ್ತನೆಯ ಅರಿವೆ, ಆಮೇಲೆ ಒರಟು ಅರಿವೆ ತೀಡಿ ರೂಢಿ ಮಾಡಿಸುತ್ತಾರೆ. ಕನ್ನಡಿಯ ಉಪಾಯವೂ ಉಂಟು. ನೋಯುವ ಕೈಯನ್ನು ಕನ್ನಡಿಯ ಹಿಂದಿಟ್ಟು, ಒಳ್ಳೆಯ ಕೈಯ ಬಿಂಬ ನೋಡುತ್ತ ಎರಡನ್ನೂ ಆಡಿಸುವುದು. ಕೈ ಕಳೆದುಕೊಂಡವರ ನೋವಿಗೆ ಇದನ್ನು 1990ರ ದಶಕದಲ್ಲಿ ಬಳಕೆಗೆ ತಂದವರು ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್. ಎಲ್ಲರಿಗೂ ಗುಣ ಕಾಣುವುದಿಲ್ಲ, ಆದರೆ ಖರ್ಚು ಒಂದು ಕನ್ನಡಿಯದು.

ತೊಡಕು ಇರುವುದು ದಾರಿಯಲ್ಲಿ. ಚಿಕಿತ್ಸೆಗೆ ಹುಬ್ಬಳ್ಳಿಯ ಕಿಮ್ಸ್‌ಗೋ ಧಾರವಾಡದ ಸತ್ತೂರಿಗೋ ವಾರಗಟ್ಟಲೆ ಎಡತಾಕಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತು. ಅಂದಿನ ಪಗಾರ ಕೊಡುವವರಾರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನೋವು ಒಂದು ಬಗೆಯಾಗಿ ಇಲ್ಲ. ಪ್ರಮಾಣಪತ್ರವಿಲ್ಲದವನಿಗೆ ಮಾಸಾಶನವೂ ಇಲ್ಲ.

ಆದುದರಿಂದ ಸಂಘದ ಲಾಭಾಂಶದ ಒಂದು ಪಾಲನ್ನು ಇದಕ್ಕೆಂದು ತೆಗೆದಿಟ್ಟು, ಚಿಕಿತ್ಸೆಯ ದಿನಗಳಿಗೆ ಅರ್ಧ ಪಗಾರ ಕೊಡಬೇಕೆಂಬುದು ನಮ್ಮ ಸೂಚನೆ. ಉಳಿದರ್ಧ ತೋಟದ ಮಾಲಕರದು. ಹಿಂತಿರುಗಿದವನಿಗೆ ಮೊದಲ ತಿಂಗಳು ಮರ ಹತ್ತಿಸದೆ, ಅಡಿಕೆ ಆರಿಸುವಂಥ ಹಗುರ ಕೆಲಸ ಕೊಡತಕ್ಕದ್ದು. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ಠರಾವು ಮಂಡಿಸಲಿದ್ದೇವೆ. ವಿರೋಧವಿದ್ದವರು ತಮ್ಮ ಕಾರಣಗಳನ್ನು ಸಭೆಗೆ ಮುಂಚೆ ಬರಹದಲ್ಲಿ ಕಳುಹಿಸಬೇಕಾಗಿ ವಿನಂತಿ.